ಹೆಲಿಕೆಯ ಮುಳುಗಡೆ: ‘ಪೋರೊಸ್’ ಶಬ್ದದ ವಿಚಾರ

ಪೆಲೊಪೊನೀಸಸ್ಸಿನ ಉತ್ತರ ತೀರದಲ್ಲಿ, ಕೊರಿಂಥ್ ಕೊಲ್ಲಿಗೆ ಅಭಿಮುಖವಾಗಿ, ಸೆಲಿನಸ್ ಮತ್ತು ಕೆರಿನೈಟಿಸ್ ನದಿಗಳ ನಡುವಣ ಮೆಕ್ಕಲು ಬಯಲಿನಲ್ಲಿದ್ದ ಹೆಲಿಕೆಯು ಮಹಿಮೆಯಿಂದ ಅಲ್ಪವಾದ ಪಟ್ಟಣವಲ್ಲ. ಹೋಮರನ ನೌಕಾವಳಿಯಲ್ಲಿ ಅದರ ಹೆಸರುಂಟು. ಏಷ್ಯದ ಕರಾವಳಿಯಲ್ಲಿ ನೆಲಸಿದ ಅಯೋನಿಯನ್ನರು ಸಮುದ್ರದೇವತೆಯಾದ ಪೊಸೈಡನ್ನನನ್ನು ಹೆಲಿಕೋನಿಯಸ್ ಎಂದು ಆರಾಧಿಸುತ್ತಿದ್ದರು. ಆ ಅಭಿಧಾನವು ಈ ಊರಿನಿಂದಲೇ ಬಂದಿತೆಂದು ಪ್ರಾಚೀನರ ನಂಬುಗೆ, ಶಬ್ದಶಾಸ್ತ್ರಜ್ಞರು ಇದಕ್ಕೆ ತಲೆದೂಗಲು ಹಿಂದೆಗೆಯುವರಾದರೂ.

ಕ್ರಿ.ಪೂ. 373ರ ಚಳಿಗಾಲದ ಒಂದು ರಾತ್ರಿ ಭೂಮಿ ಕಂಪಿಸಿ, ಕಡಲಿನಿಂದ 12 ಸ್ಟೇಡಿಯ, ಎಂದರೆ 2 ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿದ್ದ ಆ ಪಟ್ಟಣವು ತನ್ನ ಸುತ್ತಣ ನೆಲದೊಡನೆ ನೀರಿನಲ್ಲಿ ಮರೆಯಾಯಿತೆಂದೂ, ಶವಗಳನ್ನೆತ್ತಲು ಆ ಪ್ರಾಂತವಾದ ಅಕಾಯದವರು ಕಳುಹಿಸಿದ 2000 ಜನ ಬರಿಗೈಯಲ್ಲಿ ಮರಳಿದರೆಂದೂ, ಸಮಕಾಲೀನನಾದ ಹೆರಾಕ್ಲೈಡೀಸನು ಹೇಳಿದುದನ್ನು ಭೂಗೋಳಕಾರನಾದ ಸ್ಟ್ರಾಬೊ ಉಳಿಸಿಕೊಟ್ಟಿದ್ದಾನೆ. ದೇವಮೂರ್ತಿಯನ್ನು, ಅದಾಗದಿದ್ದರೆ ದೇವಾಲಯದ ಮಾದರಿಯನ್ನಾದರೂ ಕೊಡಿರೆಂದು ಬೇಡಿಬಂದ ಅಯೋನಿಯನ್ನರನ್ನು ಊರವರು ನಿರಾಕರಿಸಿದುದೇ ದೈವಕೋಪಕ್ಕೆ ಕಾರಣವೆಂಬ ಕಥೆಯೂ ಅಲ್ಲಿಯದೇ.

ನಮಗೆ ಮುಖ್ಯವಾದುದು ಎರಟೊಸ್ಥೆನೀಸನ ಸಾಕ್ಷ್ಯ. ಆತನು ಆ ಸ್ಥಳವನ್ನು ಸ್ವತಃ ಕಂಡವನು. ‘ಪೋರೊಸ್’ನಲ್ಲಿ ಕೈಯೊಳಗೆ ಕಡಲ್ಗುದುರೆಯನ್ನು ಹಿಡಿದ ಕಂಚಿನ ಪೊಸೈಡನ್ ನೆಟ್ಟಗೆ ನಿಂತಿದ್ದು, ಬಲೆ ಬೀಸುವವರಿಗೆ ಅಪಾಯಕರವಾಗಿತ್ತೆಂದು ದೋಣಿಗರು ಹೇಳಿದರಂತೆ. ಪೋರೊಸ್ ಎಂಬ ಈ ಗ್ರೀಕ್ ಶಬ್ದಕ್ಕೆ ಜಲಸಂಧಿಯೆಂಬ ಅರ್ಥವನ್ನೇ ಹಿಡಿದು, ಇಪ್ಪತ್ತನೆಯ ಶತಮಾನದ ಅನ್ವೇಷಕರು ಕೊಲ್ಲಿಯ ತಳವನ್ನು ಶೋಧಿಸಿ ಏನನ್ನೂ ಕಾಣದೆ ಹೋದರು. ಆದರೆ ಪೋರೊಸ್ ಎಂದರೆ ಮೂಲತಃ ದಾಟುವ ತಾಣ, ನಮ್ಮ ಮಾತಿನಲ್ಲಿ ಕಡವು. ಆಳವಾದ ಕೊಲ್ಲಿಯ ತಳದಲ್ಲಿ ನಿಂತ ವಿಗ್ರಹಕ್ಕೆ ಬೆಸ್ತನ ಬಲೆ ಸಿಲುಕುವುದೆಂತು? ಆಳವಿಲ್ಲದ ಹಿನ್ನೀರೆಂದು ಭಾವಿಸಿದರೆ ದೋಣಿಗರ ಮಾತು ಸಹಜವಾಗುತ್ತದೆ. ಪ್ರಾಚೀನ ಪ್ರವಾಸಿಯಾದ ಪಾಸೇನಿಯಸನು ವರ್ಣಿಸಿದ, ಉಪ್ಪುನೀರು ತಿಂದ ಭಗ್ನಾವಶೇಷಗಳೂ ಇದಕ್ಕೆ ವಿರುದ್ಧವಲ್ಲ. ಕಡಲಿನ ಸಂಪರ್ಕವುಳ್ಳ ಹಿನ್ನೀರೂ ಉಪ್ಪಾಗಿರುವುದುಂಟು.

ಡೋರಾ ಕಟ್ಸೊನೊಪುಲು ಮತ್ತು ಸ್ಟೀವನ್ ಸೋಟರ್ ಇವರು 1988ರಲ್ಲಿ ಆರಂಭಿಸಿದ ಶೋಧನೆಯು ಬಳಿಕ ಈ ಊಹೆಯನ್ನೇ ಅನುಸರಿಸಿ ನೆಲದ ಮೇಲೆ ನಡೆಯಿತು. 2001ರಲ್ಲಿ ರಿಜೊಮಿಲೋಸ್ ಗ್ರಾಮದ ಬಳಿ, ಹಿನ್ನೀರಿನ ಕೆಸರಿನ ಪದರಗಳ ಅಡಿಯಲ್ಲಿ, ಹೆಲಿಕೆಯ ಕಾಲದ ಕಟ್ಟಡಗಳ ಅವಶೇಷಗಳು ದೊರೆತುವು. ಅದೇ ಬಯಲಿನಲ್ಲಿ, ಅಂತಹುದೇ ಕೆಸರಿನ ಕೆಳಗೆ, ಕ್ರಿ.ಪೂ. ಮೂರನೆಯ ಸಹಸ್ರಮಾನದ ಮತ್ತೊಂದು ಊರೂ ಹೂತುಹೋಗಿತ್ತು.