ಸೀಟಿ ಊದುವ ಮುಂಚೆ

ಡಿ. ಹಿರೇಹಾಳ್ ಅನಂತಪುರ ಜಿಲ್ಲೆಯ ರಾಯದುರ್ಗದ ಕಡೆಯ ಒಂದು ಗಡಿ ಊರು. ಕಚೇರಿಯ ಕಾಗದ ತೆಲುಗಿನಲ್ಲಿ, ಮನೆಯ ಮಾತು ಬಹುಮಟ್ಟಿಗೆ ಕನ್ನಡದಲ್ಲಿ, ಮದುವೆಯ ಜವಳಿ ಬಳ್ಳಾರಿಯಲ್ಲಿ. ಇಲ್ಲಿ ಹುಡುಗರು ಆಡುವುದು ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಕಾಲ್ಚೆಂಡಿಗೆ ಜೀವ ಬಿಡುವವರು ಕಡಿಮೆ. ಅಂಥ ಕಡೆ ಒಂದು ಕಾಲ್ಚೆಂಡಿನ ಗೋಲಿನ ಬಗ್ಗೆ ವಾರಗಟ್ಟಲೆ ಜಗಳ ನಡೆಯಿತೆಂದರೆ ಕಾಸರಗೋಡಿನ ಓದುಗರಿಗೆ ನಗು ಬಂದೀತು. ಆದರೂ ನಡೆಯಿತು. ಆ ಜಗಳ ನಿಮ್ಮ ಊರಲ್ಲೂ ನಡೆದಿರಬೇಕು, ಬಹುಶಃ ಒಂದೇ ಮನೆಯೊಳಗೆ, ಅಣ್ಣತಮ್ಮಂದಿರ ನಡುವೆ.

2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ನಾಕ್‌ಔಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ಎದುರುಬದುರು. ಸೋತವರಿಗೆ ಆ ವರ್ಷದ ಆಟ ಅಲ್ಲಿಗೆ ಮುಗಿಯಿತು. 90 ನಿಮಿಷ ಗೋಲಿಲ್ಲದೆ ಕಳೆದು ಹೆಚ್ಚುವರಿ ಸಮಯಕ್ಕೆ ಹೋಯಿತು. 96ನೆಯ ನಿಮಿಷದ ಹೊತ್ತಿಗೆ ಪೆನಾಲ್ಟಿ ಪ್ರದೇಶದ ಹೊರಗೆ ಬೆಂಗಳೂರಿಗೆ ಫ್ರೀಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲಿ ಪ್ರಭ್‌ಸುಖನ್ ಗಿಲ್ ತಮ್ಮವರನ್ನು ಗೋಡೆಯಂತೆ ನಿಲ್ಲಿಸುವುದರಲ್ಲಿದ್ದರು. ಸುನಿಲ್ ಛೆಟ್ರಿ ಕಾಯಲಿಲ್ಲ. ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟರು. ರೆಫರಿ ಕ್ರಿಸ್ಟಲ್ ಜಾನ್ ಗೋಲು ಎಂದರು. ಬ್ಲಾಸ್ಟರ್ಸ್ ತರಬೇತುದಾರ ಇವಾನ್ ವುಕೊಮನೋವಿಚ್ ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆದರು. ಸುಮಾರು 20 ನಿಮಿಷ ಕಾದ ಮೇಲೆ ಪಂದ್ಯ ಬೆಂಗಳೂರಿನದೆಂದು ಘೋಷಣೆಯಾಯಿತು.

ಮರುದಿನ ಬೆಳಿಗ್ಗೆ ಹೋಟೆಲಿನ ಮುಂದಿನ ಕಟ್ಟೆಯ ಮೇಲೆ ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಹಿರಿಯರೊಬ್ಬರು ಅಂದರು: "ಅದೇನು ಗೆಲುವಪ್ಪಾ, ಮನೆಯವರು ಹಿತ್ತಿಲಿಗೆ ಹೋದಾಗ ಒಳಗೆ ನುಗ್ಗಿದಂಗೆ." ಕಾಲೇಜಿಗೆ ಹೋಗುವ ಹುಡುಗ ಹೇಳಿದ: "ಬಾಗಿಲು ಹಾಕ್ಕೊಳ್ದೆ ಹಿತ್ತಿಲಿಗೆ ಹೋಗಿದ್ದು ಯಾರ ತಪ್ಪು ಮಾವ?" ಹಿರಿಯರು, "ಅದೃಷ್ಟ ಕಣಲೇ, ಅದೃಷ್ಟ" ಎಂದು ಚಹಾ ಹೀರಿದರು. ಹುಡುಗ ಬಿಡಲಿಲ್ಲ: "ಬುದ್ಧಿ ಮಾವ, ಬುದ್ಧಿ."

ಅಂದು ತಿಂಗಳ ಮೊದಲ ಶನಿವಾರ, ಬ್ಯಾಂಕಿಗೆ ರಜೆಯಿಲ್ಲ. ನಮ್ಮ ಶಾಖೆಯಲ್ಲಿದ್ದ ಮಲಯಾಳಿ ಸಹೋದ್ಯೋಗಿ ಮುಖ ಗಂಟಿಕ್ಕಿಕೊಂಡೇ ಕೂತಿದ್ದರು. "ಸೀಟಿ ಊದದೆ ಗೋಲು ಹೇಗಾಗುತ್ತೆ ಸಾರ್?" ಎಂದು ನನ್ನನ್ನೇ ಕೇಳಿದರು, ನಾನೇ ಆ ಗೋಲು ಹೊಡೆದವನ ಹಾಗೆ. ನಾನು ಗುಮಾಸ್ತನ ಭಾಷೆಯಲ್ಲೇ ಉತ್ತರಿಸಿದೆ: "ವೇಳೆಯೊಳಗೆ ಬಂದ ಚೆಕ್ಕನ್ನು, ನಾನು ಚಹಾಕ್ಕೆ ಹೋಗಿದ್ದೆ ಅಂತ ವಾಪಸು ಕಳಿಸೋಕೆ ಆಗುತ್ತಾ?" ಅವರು ತಕ್ಷಣ, "ಕೌಂಟರ್ ತೆರೆದಿದೆ ಅಂತ ಗಿರಾಕಿಗೆ ಹೇಳಿದವರು ಯಾರು ಅನ್ನೋದೇ ಪ್ರಶ್ನೆ" ಎಂದರು. ನಿಜಕ್ಕೂ ಪ್ರಶ್ನೆ ಅದೇ ಆಗಿತ್ತು.

ಕಾಲ್ಚೆಂಡಿನ ನಿಯಮದಲ್ಲಿ ಫ್ರೀಕಿಕ್ಕಿಗೆ ಎರಡು ದಾರಿಗಳಿವೆ. ತಪ್ಪಿಗೆ ಗುರಿಯಾದ ತಂಡ ಎದುರಾಳಿಗಳು 9.15 ಮೀಟರ್ ದೂರ ಸರಿಯುವವರೆಗೆ ಕಾಯದೆ ಕೂಡಲೇ ಒದೆಯಬಹುದು. ಇಲ್ಲವೇ ರೆಫರಿಯು ದೂರ ಅಳೆದು, ಗೋಡೆ ನಿಲ್ಲಿಸಿ, ಸೀಟಿ ಊದಿದ ಮೇಲೆ ಒದೆಯಬಹುದು. ಎರಡನೆಯ ದಾರಿ ಹಿಡಿದ ಮೇಲೆ ಸೀಟಿಗೆ ಕಾಯಲೇಬೇಕು. ತನಗೆ ಸೀಟಿಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಹೇಳಿದ್ದೆ. ಬ್ಲಾಸ್ಟರ್ಸ್ ಆಟಗಾರ ಅಡ್ರಿಯಾನ್ ಲೂನಾ ಅದನ್ನು ಕೇಳಿಸಿಕೊಂಡೇ ಮೊದಲ ಸಲ ಅಡ್ಡ ಬಂದರು ಎಂದು ಛೆಟ್ರಿ ಪಂದ್ಯದ ನಂತರ ವಿವರಿಸಿದರು. ಗೋಡೆ ನಿಲ್ಲಿಸಲು ಬಿಟ್ಟ ಮೇಲೆ ಸೀಟಿ ಊದಲೇಬೇಕಿತ್ತು ಎಂಬುದು ಕೇರಳದವರ ವಾದ. ವಿಡಿಯೊ ನೋಡಿ ತೀರ್ಪು ಕೊಡುವ ವ್ಯವಸ್ಥೆ ಆ ಲೀಗಿನಲ್ಲಿ ಇರಲಿಲ್ಲ. ಪಂದ್ಯವನ್ನು ಮತ್ತೆ ಆಡಿಸಬೇಕೆಂಬ ಬ್ಲಾಸ್ಟರ್ಸ್ ಮನವಿಯನ್ನು ಅಖಿಲ ಭಾರತ ಕಾಲ್ಚೆಂಡು ಒಕ್ಕೂಟದ ಶಿಸ್ತು ಸಮಿತಿ ತಳ್ಳಿಹಾಕಿತು. ಮಾರ್ಚ್ 31ರಂದು ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಬಹಿರಂಗ ಕ್ಷಮಾಪಣೆಯ ಆದೇಶ. ತರಬೇತುದಾರರಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ರೂಪಾಯಿ ದಂಡ. ಶಿಕ್ಷೆ ಬಿದ್ದದ್ದು ಮೈದಾನ ಬಿಟ್ಟು ಹೋದದ್ದಕ್ಕೆ.

ಇಷ್ಟಾದ ಮೇಲೂ ಅದೃಷ್ಟವೋ ಯೋಗ್ಯತೆಯೋ ಎಂಬ ಮಾತು ತೀರಲಿಲ್ಲ. ತೀರಿಸಲು ಲೆಕ್ಕದ ಪುಸ್ತಕ ತೆಗೆಯೋಣ. ಆ ಋತುವಿನ ಲೀಗ್ ಹಂತದಲ್ಲಿ ಬೆಂಗಳೂರು 34 ಅಂಕ ಗಳಿಸಿ ನಾಲ್ಕನೆಯ ಸ್ಥಾನದಲ್ಲಿತ್ತು, ಕೇರಳ 31 ಅಂಕ ಗಳಿಸಿ ಐದನೆಯ ಸ್ಥಾನದಲ್ಲಿತ್ತು. ಪಂದ್ಯ ಬೆಂಗಳೂರಿನಲ್ಲಿ ನಡೆದದ್ದು ಆ ಮೂರು ಅಂಕಗಳಿಂದ. ಇದನ್ನು ಅದೃಷ್ಟವೆನ್ನಲಾಗದು. ಅದೇ ಋತುವಿನಲ್ಲಿ, 2022ರ ಡಿಸೆಂಬರಿನಲ್ಲಿ, ಕೊಚ್ಚಿಯಲ್ಲಿ ಕೇರಳ 3-2ರಿಂದ ಗೆದ್ದಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬೆಂಗಳೂರು 1-0ಯಿಂದ ಗೆದ್ದಿತ್ತು. ಅಂದರೆ ತಕ್ಕಡಿಯ ತಟ್ಟೆಗಳು ಹೆಚ್ಚುಕಡಿಮೆ ಸಮ. ಸಮ ಇರುವ ತಕ್ಕಡಿಯನ್ನು ಬಾಗಿಸಲು ಒಂದು ಗುಲಗಂಜಿ ಸಾಕು. ಆ ಗುಲಗಂಜಿಯನ್ನೇ ನಾವು ಅದೃಷ್ಟವೆಂದು ಕರೆಯುತ್ತೇವೆ. ಅದನ್ನು ಹುಡುಕಿ ತಟ್ಟೆಗೆ ಹಾಕಿದವನ ಕಣ್ಣಿಗೆ ಏನೆನ್ನಬೇಕು ಎಂಬುದೇ ಜಗಳ.

ಮುಂದಿನ ದಿನಗಳು ಎರಡೂ ಕಡೆಯವರಿಗೆ ಪಾಠ ಹೇಳಿದವು. ಸೆಮಿಫೈನಲಿನಲ್ಲಿ ಬೆಂಗಳೂರು ಮುಂಬಯಿ ತಂಡವನ್ನು ಸೋಲಿಸಿದ್ದು ಪೆನಾಲ್ಟಿ ಒದೆತಗಳಲ್ಲಿ, 9-8ರಿಂದ. ಮಾರ್ಚ್ 18ರಂದು ಗೋವೆಯ ಫೈನಲಿನಲ್ಲಿ ಕಲ್ಕತ್ತೆಯ ಎಟಿಕೆ ಮೋಹನ್ ಬಗಾನ್ ಎದುರು ಸೋತದ್ದೂ ಪೆನಾಲ್ಟಿಗಳಲ್ಲೇ, 4-3ರಿಂದ. ಎರಡು ವಾರಗಳೊಳಗೆ ಅದೃಷ್ಟ ಸಾಲ ಕೊಟ್ಟು ಬಡ್ಡಿ ಸಮೇತ ವಸೂಲು ಮಾಡಿಕೊಂಡಿತು. 2023ರ ಸೆಪ್ಟೆಂಬರ್ 21ರಂದು ಮುಂದಿನ ಋತುವಿನ ಮೊದಲ ಪಂದ್ಯ ಕೊಚ್ಚಿಯಲ್ಲಿ ಇದೇ ಎರಡು ತಂಡಗಳ ನಡುವೆ. ಕೇರಳ 2-1ರಿಂದ ಗೆದ್ದಿತು. ಮೊದಲ ಗೋಲು ಬೆಂಗಳೂರಿನ ಆಟಗಾರನೇ ತನ್ನ ಗೋಲಿಗೆ ಹಾಕಿಕೊಂಡದ್ದು. ಎರಡನೆಯದು ಬೆಂಗಳೂರಿನ ಗೋಲಿ ಗುರ್‌ಪ್ರೀತ್ ಸಿಂಗ್ ಎಡವಿದಾಗ ಲೂನಾ ಹೊಡೆದದ್ದು. ಗೋಲಿ ಎಡವಿದ್ದು ಅದೃಷ್ಟ, ಎಡವುವ ಕ್ಷಣದಲ್ಲಿ ಲೂನಾ ಅಲ್ಲಿದ್ದದ್ದು ಯೋಗ್ಯತೆ. ಛೆಟ್ರಿಯ ಗೋಲಿಗೆ ಒಂದು ಮಾತು, ಲೂನಾನ ಗೋಲಿಗೆ ಇನ್ನೊಂದು ಮಾತು ಹೇಳಿದರೆ ಅದು ವಿಮರ್ಶೆಯಲ್ಲ, ಅಭಿಮಾನ.

ಮಲಯಾಳಿಗಳ ಸಿಟ್ಟಿಗೂ ಹಳೆಯ ಲೆಕ್ಕವಿದೆ. ಈ ಲೀಗಿನ ಮೊದಲ ವರ್ಷ, 2014ರಲ್ಲಿ, ಬ್ಲಾಸ್ಟರ್ಸ್ ಫೈನಲಿನಲ್ಲಿ ಸೋತದ್ದು ನಿಗದಿತ ವೇಳೆ ಮುಗಿದ ಮೇಲೆ ಬಿದ್ದ ಒಂದೇ ಗೋಲಿನಿಂದ. 2016ರಲ್ಲಿ ಕೊಚ್ಚಿಯಲ್ಲೇ ಫೈನಲ್. ಕಾಸರಗೋಡು ಜಿಲ್ಲೆಯ ತೃಕರಿಪುರದ ಮಹಮ್ಮದ್ ರಫಿ ತಲೆಯಿಂದ ಗೋಲು ಹೊಡೆದು ಮುನ್ನಡೆ ಕೊಟ್ಟರು. ಕೊನೆಗೆ ಪೆನಾಲ್ಟಿಯಲ್ಲಿ ಸೋಲು. 2022ರಲ್ಲಿ ಮತ್ತೆ ಫೈನಲ್, ಮತ್ತೆ ಪೆನಾಲ್ಟಿ, ಮತ್ತೆ ಸೋಲು. ಇಷ್ಟು ಸಲ ಬಾಗಿಲವರೆಗೆ ಬಂದು ಹಿಂದಿರುಗಿದವರು ನಾಲ್ಕನೆಯ ಸಲ ಬಾಗಿಲನ್ನೇ ಒದ್ದರೆ ತಪ್ಪೆನ್ನಬಹುದು, ಅರ್ಥವಾಗದು ಎನ್ನಲಾಗದು.

ಹಿಂದಕ್ಕೆ ಹೋದಷ್ಟೂ ಈ ಪ್ರಶ್ನೆ ಹಳೆಯದೆಂದು ತಿಳಿಯುತ್ತದೆ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸನ್ನು ಎದುರಿಸಿತು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ಒಲಿಂಪಿಕ್ ತಂಡದಲ್ಲಿ ಕೇರಳದ ತಿರುವಲ್ಲ ಪಾಪ್ಪನ್ ಕೂಡ ಇದ್ದರು. ನಮ್ಮವರಿಗೆ ಎರಡು ಪೆನಾಲ್ಟಿ ಸಿಕ್ಕವು, ಎರಡೂ ಕೈತಪ್ಪಿದವು, 2-1ರಿಂದ ಸೋತೆವು. ನೋಡಿದವರು ಬರಿಗಾಲಿನ ಆಟವನ್ನು ಮೆಚ್ಚಿದರು, ಪುಸ್ತಕದಲ್ಲಿ ಉಳಿದದ್ದು ಮಾತ್ರ ಸೋಲು. ಇನ್ನೂ ಹಿಂದೆ, 1937ರಲ್ಲಿ, ಬ್ರಿಟಿಷ್ ಪಲ್ಟಣಗಳ ಸ್ವತ್ತಾಗಿದ್ದ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1938ರಲ್ಲೂ ಅವರೇ ಗೆದ್ದರು. ಮೊದಲ ಸಲ ಗೆದ್ದಾಗ ಅದೃಷ್ಟ ಎಂದವರ ಬಾಯಿ ಎರಡನೆಯ ಸಲ ಮುಚ್ಚಿರಬೇಕು. ಯೋಗ್ಯತೆಗೆ ಸಾಕ್ಷಿ ಬೇಕಾದರೆ ಗೆಲುವು ಮರುಕಳಿಸಬೇಕು. ಒಂದು ರಾತ್ರಿಯ ಪಂದ್ಯದಿಂದ ಅದು ಸಿಗುವುದಿಲ್ಲ.

ಸಂತೋಷ್ ಟ್ರೋಫಿಯ ಚರಿತ್ರೆ ಇದನ್ನೇ ಹೇಳುತ್ತದೆ. ಮೈಸೂರು ಹೆಸರಿನಲ್ಲಿ ನಾವು 1946-47, 1952-53, 1967-68, 1968-69ರಲ್ಲಿ ಗೆದ್ದೆವು. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕೊಚ್ಚಿಯಲ್ಲಿ ಕೇರಳ ಮೊದಲ ಬಾರಿಗೆ ಆ ಕಪ್ಪನ್ನು ಎತ್ತಿತು; ನಾಯಕ ಟಿ.ಕೆ.ಎಸ್. ಮಣಿ ಮೂರು ಗೋಲು ಹೊಡೆದರು. ಆಮೇಲೆ ಅವರು ಗೆಲ್ಲುತ್ತ ಹೋದರು, ನಾವು ಕಾಯುತ್ತ ಕೂತೆವು. 2022ರ ಏಪ್ರಿಲಿನಲ್ಲಿ ಮಂಜೇರಿಯ ಸೆಮಿಫೈನಲಿನಲ್ಲಿ ಕೇರಳ ನಮ್ಮನ್ನು 7-3ರಿಂದ ಸೋಲಿಸಿ ಮುಂದೆ ಏಳನೆಯ ಸಲ ಕಪ್ ಗೆದ್ದಿತು. ಏಳು ಗೋಲು ತಿಂದವರು ಅದೃಷ್ಟವನ್ನು ದೂರುವುದಕ್ಕಾಗುವುದಿಲ್ಲ. ಅಂದು ನಮ್ಮ ಹುಡುಗರು ಮೈದಾನ ಬಿಡದೆ ಕೊನೆಯವರೆಗೆ ಆಡಿದರು. ಮರುವರ್ಷ, 2023ರ ಮಾರ್ಚ್ 4ರಂದು, ಅಂದರೆ ಕಂಠೀರವದ ಗಲಾಟೆಯ ಮರುದಿನವೇ, ರಿಯಾದ್ ನಗರದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ನಮ್ಮ ಕಟ್ಟೆಯಲ್ಲಿ ಅದರ ಮಾತು ಯಾರೂ ಎತ್ತಲಿಲ್ಲ. ಸೀಟಿಯ ಜಗಳದಲ್ಲಿ ನಿಜವಾದ ಗೆಲುವು ಕಿವಿಗೆ ಬೀಳಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ಸಂಗತಿ.

ಗಡಿಯವರಾದ ನಾವು ಈ ಗೋಲಿಗೆ ಇಷ್ಟು ಮನಸ್ಸು ಕೊಟ್ಟದ್ದೇಕೆ? ನಮ್ಮ ಬಾಳಿನಲ್ಲೂ ಒಂದು ತೀರ್ಪು ಬಂದು ಹೋಗಿದೆ. ಬಳ್ಳಾರಿ ಜಿಲ್ಲೆಯಲ್ಲಿದ್ದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರಿದವು. ಉಳಿದ ಬಳ್ಳಾರಿ ಮೈಸೂರಿಗೆ ಹೋಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ನದಿಯ ಉತ್ತರದ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ಬರೆಯಿತು. ಅದು ಜಾರಿಗೆ ಬರಲಿಲ್ಲ. ಹಿರೇಹಾಳಿನ ಸೀಮೆಯ ಓಬಳಾಪುರದ ಗಣಿಗಳಲ್ಲಿ ಗಡಿ ಕಲ್ಲು ಎಲ್ಲಿದೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಒಂದು ಊರು ಗೆರೆಯ ಈಚೆ ಬಿದ್ದದ್ದು ಅದೃಷ್ಟವಲ್ಲ, ಅಲ್ಲಿನ ಜನರ ಯೋಗ್ಯತೆಯೂ ಅಲ್ಲ. ಯಾರೋ ಕೂತು ಬರೆದ ತೀರ್ಪು. ಆದುದರಿಂದಲೇ ತೀರ್ಪುಗಾರನ ಸೀಟಿ ನಮಗೆ ಬರೀ ಆಟದ ಸದ್ದಾಗಿ ಕೇಳಿಸುವುದಿಲ್ಲ.

ಆದರೆ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಅಂದು ಬ್ಲಾಸ್ಟರ್ಸ್ ಹೊರನಡೆದಾಗ ಇನ್ನೂ 20ಕ್ಕೂ ಹೆಚ್ಚು ನಿಮಿಷಗಳ ಆಟ ಉಳಿದಿತ್ತು. ಒಂದು ಗೋಲು ಹಿಂದಿರುಗಿಸಲು ಅಷ್ಟು ಹೊತ್ತು ಸಾಕು. ತೀರ್ಪು ತಪ್ಪೋ ಸರಿಯೋ, ಉಳಿದ ನಿಮಿಷಗಳು ಅವರ ಕೈಯಲ್ಲೇ ಇದ್ದವು. ನಮ್ಮ ಹಿರಿಯರಿಗೂ ತೀರ್ಪು ಒಪ್ಪಿಗೆಯಾಗಿರಲಿಲ್ಲ. ಕಾಸರಗೋಡಿನವರು ಮನವಿ ಬರೆದರು, ಚಳವಳಿ ಹೂಡಿದರು, ಜೊತೆಗೆ ಕನ್ನಡ ಶಾಲೆಗಳನ್ನು, ಯಕ್ಷಗಾನದ ಆಟಗಳನ್ನು, ಇಂಥ ಸಂಚಿಕೆಗಳನ್ನು ನಡೆಸಿದರು. ರಾಯದುರ್ಗ, ಮಡಕಶಿರಾ ಕಡೆಯವರೂ ಮಕ್ಕಳಿಗೆ ಎರಡು ಲಿಪಿ ಕಲಿಸಿ, ಮನೆಯಲ್ಲಿ ಮಾತು ಬಿಡಲಿಲ್ಲ. ದೂರು ಹೇಳುತ್ತಲೇ ಆಡಿದರು.

ಕಾಸರಗೋಡಿನ ಕನ್ನಡ ಮನೆಯ ಹುಡುಗ ಹಳದಿ ಅಂಗಿ ತೊಟ್ಟು ಬ್ಲಾಸ್ಟರ್ಸ್ ಎಂದು ಕೂಗಿದರೆ ಕೆಲವು ಹಿರಿಯರಿಗೆ ಕಸಿವಿಸಿಯಾಗುತ್ತದೆಂದು ಕೇಳಿದ್ದೇನೆ. ಆಗಬೇಕಾಗಿಲ್ಲ. ಛೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ. ಲೂನಾ ಬಂದದ್ದು ಉರುಗ್ವೆಯಿಂದ. ಅಂಗಿಯ ಬಣ್ಣ ನೋಡಿ ತಾಯಿನುಡಿ ಹೇಳಲಾಗದು. ಆ ಹುಡುಗ ಸೋತ ರಾತ್ರಿ ಅಮ್ಮನ ಹತ್ತಿರ ಯಾವ ಭಾಷೆಯಲ್ಲಿ ಅತ್ತ ಎಂಬುದನ್ನು ನೋಡಿದರೆ ಸಾಕು.

ನನ್ನ ಮಲಯಾಳಿ ಸಹೋದ್ಯೋಗಿ ಆಮೇಲೆ ವರ್ಗವಾಗಿ ಹೋದರು. ಕೊಚ್ಚಿಯಲ್ಲಿ ಬ್ಲಾಸ್ಟರ್ಸ್ ಗೆದ್ದ ಆ ಸೆಪ್ಟೆಂಬರ್ ರಾತ್ರಿ ಫೋನ್ ಮಾಡಿ, "ಸಾರ್, ಈ ಸಲ ಸೀಟಿ ಊದಿದ್ದರು ತಾನೇ?" ಎಂದು ಕೇಳಿ ನಕ್ಕರು. "ನಿಮ್ಮದು ಅದೃಷ್ಟ" ಎಂದೆ. "ಅಲ್ಲ, ಬುದ್ಧಿ" ಎಂದರು. ಕಟ್ಟೆಯ ಹುಡುಗನ ಮಾತೇ ಅವರ ಬಾಯಲ್ಲೂ ಬಂದಿತ್ತು. ಕಟ್ಟೆಯ ಹಿರಿಯರ ಮಾತನ್ನು ಈ ಸಲ ಆಡಿದವನು ನಾನು.