ಬೇರುಗಂಟಿನ ಹುಳು ಯಾವುದು? ಪ್ರಭೇದ ಗುರುತಿಸುವಿಕೆಯ ಒಂದು ಟಿಪ್ಪಣಿ

ಶಿಡ್ಲಘಟ್ಟದ ಹಿಪ್ಪುನೇರಳೆ, ಚಿಂತಾಮಣಿಯ ಟೊಮೇಟೊ, ಚಿಕ್ಕಬಳ್ಳಾಪುರದ ದ್ರಾಕ್ಷಿ: ಮೂರಕ್ಕೂ ತಗಲುವ ಬೇರುಗಂಟು ರೋಗದ ಮೂಲ ಮೆಲಾಯ್ಡೊಗೈನೆ ಕುಲದ ಜಂತುಹುಳು. ಹಿಪ್ಪುನೇರಳೆಯಲ್ಲಿ ಮುಖ್ಯವಾಗಿ ಕಾಣುವುದು ಇನ್‌ಕಾಗ್ನಿಟ ಪ್ರಭೇದ. ಆದರೆ ಗಂಟನ್ನು ನೋಡಿದೊಡನೆ ಇದೇ ಹೆಸರು ಬರೆಯುವುದು ಸರಿಯಲ್ಲ. ಗಂಟಿನಿಂದ ತಿಳಿಯುವುದು ಕುಲ ಮಾತ್ರ.

ಮೊದಲು ಅದು ಹುಳುವಿನ ಗಂಟೇ ಎಂದು ಖಚಿತಪಡಿಸಿಕೊಳ್ಳಬೇಕು. ಗೌರಿಬಿದನೂರಿನ ಕಡಲೆಕಾಯಿ ಬೇರಿನಲ್ಲಿ ಸಾರಜನಕ ಹಿಡಿಯುವ ರೈಜೋಬಿಯಂ ಗಂಟುಗಳೂ ಇರುತ್ತವೆ. ಅವು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತವೆ, ಉಗುರು ತಾಗಿದರೆ ಉದುರುತ್ತವೆ, ಒಳಗೆ ನಸುಗೆಂಪು. ಹುಳುವಿನ ಗಂಟಿನಲ್ಲಿ ಬೇರೇ ಊದಿರುತ್ತದೆ, ಬಿಡಿಸಲು ಬರುವುದಿಲ್ಲ. ಸೂಜಿಯಿಂದ ಸೀಳಿದರೆ ಸುಮಾರು ಅರ್ಧ ಮಿಲಿಮೀಟರಿನ, ಮುತ್ತಿನ ಬಿಳುಪಿನ ಹೆಣ್ಣುಹುಳು ಸಿಗುತ್ತದೆ.

ಮಣ್ಣನ್ನು ಜರಡಿ ಹಿಡಿದು ಬೇರ್ಮನ್ ಆಲಿಕೆಯಲ್ಲಿಟ್ಟರೆ ಎರಡನೇ ಹಂತದ ಮರಿಹುಳುಗಳು ನೀರಿಗಿಳಿಯುತ್ತವೆ. ಉದ್ದ ಸುಮಾರು 0.4 ಮಿ.ಮೀ. ಪ್ರಭೇದಗಳ ಅಳತೆಗಳು ಒಂದರೊಳಗೊಂದು ಬೆರೆಯುವುದರಿಂದ ಮರಿಹುಳುವಿನ ಅಳತೆಯೊಂದನ್ನೇ ನಂಬಿ ತೀರ್ಮಾನಿಸಲಾಗದು.

1949ರಲ್ಲಿ ಜಂತುಹುಳು ವಿಜ್ಞಾನಿ ಚಿಟ್‌ವುಡ್ ಪ್ರಭೇದಗಳನ್ನು ಬೇರ್ಪಡಿಸಿದಾಗ ಮುಖ್ಯ ಆಧಾರವಾದದ್ದು ಹೆಣ್ಣುಹುಳುವಿನ ಹಿಂತುದಿಯಲ್ಲಿರುವ, ಹೆಬ್ಬೆಟ್ಟಿನ ಗುರುತಿನಂಥ ಗೆರೆಗಳು. ಆ ತುದಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ಕತ್ತರಿಸಿ, ಒಳಗಿನದನ್ನು ತೆಗೆದು, ಗ್ಲಿಸರಿನ್‌ನಲ್ಲಿಟ್ಟು ನೋಡಬೇಕು. ಇನ್‌ಕಾಗ್ನಿಟದಲ್ಲಿ ಮೇಲಿನ ಕಮಾನು ಎತ್ತರವಾಗಿ ಚೌಕಾಕಾರಕ್ಕೆ ತಿರುಗಿರುತ್ತದೆ. ಜವಾನಿಕ ಪ್ರಭೇದದಲ್ಲಿ ಎರಡೂ ಪಕ್ಕಕ್ಕೆ ಸ್ಪಷ್ಟ ಗೆರೆಗಳಿರುತ್ತವೆ. ಹ್ಯಾಪ್ಲ ಪ್ರಭೇದದಲ್ಲಿ ಬಾಲದ ತುದಿಯ ಬಳಿ ಚುಕ್ಕಿಗಳು.

ತೊಡಕಿರುವುದು ಎಂಟೆರೊಲೋಬಿಯೈ ಪ್ರಭೇದದಲ್ಲಿ. ಚೀನಾದ ಹೈನಾನ್ ದ್ವೀಪದಿಂದ 1983ರಲ್ಲಿ ವರ್ಣಿತವಾದ ಇದು ಈಗ ತಮಿಳುನಾಡಿನ ಸೀಬೆ ತೋಟಗಳಲ್ಲೂ ಇದೆ. ಇದರ ಗೆರೆಗಳು ಇನ್‌ಕಾಗ್ನಿಟವನ್ನೇ ಹೋಲುತ್ತವೆ. ಇಲ್ಲಿ ಎಸ್ಟರೇಸ್ ಕಿಣ್ವದ ಪಟ್ಟಿಗಳು ಅಥವಾ ಡಿಎನ್‌ಎ ಪರೀಕ್ಷೆಯ ಒತ್ತಾಸೆ ಬೇಕೇ ಬೇಕು.

ಹೆಸರಿನ ಮೇಲೆ ಮುಂದಿನ ಬೆಳೆ ನಿಂತಿದೆ. ಇನ್‌ಕಾಗ್ನಿಟ ಕಡಲೆಕಾಯಿಯಲ್ಲಿ ವೃದ್ಧಿಯಾಗದು, ಹಾಗಾಗಿ ಬೆಳೆ ಬದಲಾವಣೆಗೆ ಕಡಲೆಕಾಯಿ ಒಳ್ಳೆಯದು. ಆದರೆ ಹೊಲದಲ್ಲಿರುವುದು ಅರೆನೇರಿಯ ಎಂಬ ಇನ್ನೊಂದು ಪ್ರಭೇದದ ರೇಸ್ 1 ಆಗಿದ್ದರೆ ಕಡಲೆಕಾಯಿ ಬಿತ್ತಿ ಹುಳುವನ್ನೇ ಸಾಕಿದಂತಾಗುತ್ತದೆ. ಕೆಲವು ಟೊಮೇಟೊ ತಳಿಗಳಲ್ಲಿರುವ ಎಂಐ ವಂಶವಾಹಿ ಇನ್‌ಕಾಗ್ನಿಟ, ಜವಾನಿಕ, ಅರೆನೇರಿಯಗಳನ್ನು ತಡೆಯುತ್ತದೆ, ಎಂಟೆರೊಲೋಬಿಯೈಯನ್ನು ತಡೆಯದು. ಮಣ್ಣಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ವಂಶವಾಹಿಯ ಶಕ್ತಿಯೂ ಕುಗ್ಗುತ್ತದೆ.

ಒಂದೇ ತಾಕಿನಲ್ಲಿ ಎರಡು ಪ್ರಭೇದಗಳಿರುವುದೂ ಉಂಟು. ಆದ್ದರಿಂದ ಹಲವು ಗಿಡಗಳ ಹಲವು ಹೆಣ್ಣುಹುಳುಗಳನ್ನು ನೋಡದೆ ಹೆಸರು ಕೊಡಬಾರದು. ರೈತರು ಗಂಟುಬೇರನ್ನು ಒಣಗಲು ಬಿಡದೆ, ಬುಡದ ಹಸಿ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಹಿಂದಿನ ಬೆಳೆ ಯಾವುದೆಂದು ಚೀಟಿ ಬರೆದಿಟ್ಟು, ಚಿಂತಾಮಣಿ ಬಳಿಯ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದವರನ್ನು ಕಾಣಲಿ. ಔಷಧಿ ಕೊಳ್ಳುವುದು ಆಮೇಲಿನ ಮಾತು.