ದೇಹ ದ್ರವ್ಯರಾಶಿ ಸೂಚ್ಯಂಕ

ದೇಹ ದ್ರವ್ಯರಾಶಿ ಸೂಚ್ಯಂಕವು ವಯಸ್ಕರ ತೂಕವು ಅವರ ಎತ್ತರಕ್ಕೆ ತಕ್ಕಷ್ಟಿದೆಯೇ ಎಂಬುದನ್ನು ಸೂಚಿಸುವ ಅಳತೆ. ಬಳಕೆಯಲ್ಲಿ ಬಿಎಂಐ ಎಂಬ ಸಂಕ್ಷಿಪ್ತ ರೂಪವೇ ಹೆಚ್ಚು ಪರಿಚಿತ. ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಇದು ದೊರೆಯುತ್ತದೆ. ಉದಾಹರಣೆಗೆ, 160 ಸೆಂ.ಮೀ. ಎತ್ತರದ ವ್ಯಕ್ತಿಯ ತೂಕ 64 ಕೆ.ಜಿ. ಇದ್ದರೆ, 1.6ರ ವರ್ಗವಾದ 2.56ರಿಂದ 64ನ್ನು ಭಾಗಿಸಬೇಕು, ಸೂಚ್ಯಂಕ 25.

ಇತಿಹಾಸ

ವಯಸ್ಕರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ ಎಂಬುದನ್ನು 1830ರ ದಶಕದಲ್ಲಿ ಗುರುತಿಸಿದವನು ಬೆಲ್ಜಿಯಂನ ಖಗೋಳಶಾಸ್ತ್ರಜ್ಞ ಹಾಗೂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ. ಅವನು ಅರಸುತ್ತಿದ್ದುದು ‘ಸರಾಸರಿ ಮನುಷ್ಯ’ನ ಲಕ್ಷಣಗಳನ್ನು, ರೋಗನಿರ್ಣಯ ಅವನ ಉದ್ದೇಶವಾಗಿರಲಿಲ್ಲ. ಇಂದಿನ ಹೆಸರನ್ನು 1972ರಲ್ಲಿ ಬಳಕೆಗೆ ತಂದವರು ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು.

ಭಾರತೀಯರಲ್ಲಿ ಮಿತಿಗಳು

ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ವರ್ಗೀಕರಣದಂತೆ 18.5ಕ್ಕಿಂತ ಕಡಿಮೆಯಾದರೆ ಕಡಿಮೆ ತೂಕ, 25 ಮತ್ತು ಮೇಲೆ ಅಧಿಕ ತೂಕ, 30 ಮತ್ತು ಮೇಲೆ ಬೊಜ್ಜು. ಆದರೆ ಈ ಅಳತೆ ಕೊಬ್ಬನ್ನೂ ಸ್ನಾಯುವನ್ನೂ ಬೇರ್ಪಡಿಸಿ ತೋರಿಸಲಾರದು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದಕ್ಕೆ ತಮ್ಮ ದೇಹಗಳನ್ನೇ ನಿದರ್ಶನವಾಗಿ ಒಡ್ಡಿದರು. ಇಬ್ಬರ ಸೂಚ್ಯಂಕವೂ 22.3, ದೇಹದ ಕೊಬ್ಬಿನ ಪ್ರಮಾಣ ಮಾತ್ರ ಯುಡ್‌ಕಿನ್‌ರಲ್ಲಿ ಶೇ. 9.1, ಯಾಜ್ಞಿಕ್‌ರಲ್ಲಿ ಶೇ. 21.2. ನೋಟಕ್ಕೆ ತೆಳ್ಳಗಿರುವ ಭಾರತೀಯರಲ್ಲೂ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುವುದಕ್ಕೆ ಇಂತಹ ದೇಹರಚನೆಯೂ ಒಂದು ಕಾರಣ.

ಆದ್ದರಿಂದ ಭಾರತದ ತಜ್ಞರು 2009ರ ಮಾರ್ಗಸೂಚಿಯಲ್ಲಿ 23ರಿಂದ ಅಧಿಕ ತೂಕವೆಂದೂ 25ರಿಂದ ಬೊಜ್ಜೆಂದೂ ಪರಿಗಣಿಸಿದರು. ಜೊತೆಗೆ ಸೊಂಟದ ಸುತ್ತಳತೆಯು ಪುರುಷರಲ್ಲಿ 90 ಸೆಂ.ಮೀ., ಮಹಿಳೆಯರಲ್ಲಿ 80 ಸೆಂ.ಮೀ. ತಲುಪಿದರೆ ಅದನ್ನು ಹೊಟ್ಟೆಯ ಬೊಜ್ಜೆಂದು ಎಣಿಸಲಾಗುತ್ತದೆ. ಅಳತೆಪಟ್ಟಿಯೊಂದಿದ್ದರೆ ಸಾಕಾಗುವ ಈ ಪರೀಕ್ಷೆಗೆ ಸಲ್ಲಬೇಕಾದ ಮನ್ನಣೆ ಇನ್ನೂ ಸಂದಿಲ್ಲ.

ತೂಕ ಇಳಿಕೆಯ ಗಣನೆ

ಮೇಲಿನ ಉದಾಹರಣೆಯ ವ್ಯಕ್ತಿಯಲ್ಲಿ ಸೂಚ್ಯಂಕ ಒಂದು ಅಂಕ ಇಳಿಯಲು ಸುಮಾರು ಎರಡೂವರೆ ಕೆ.ಜಿ. ಕಡಿಮೆಯಾಗಬೇಕು. ಆದುದರಿಂದ ವಾರದಿಂದ ವಾರಕ್ಕೆ ಸೂಚ್ಯಂಕವನ್ನು ನೋಡುವುದಕ್ಕಿಂತ ತೂಕವನ್ನೇ ಬರೆದಿಡುವುದು ಲೇಸು. ನೀರು, ಉಪ್ಪು, ಮಲಬದ್ಧತೆಗಳಿಂದ ದಿನದಿನಕ್ಕೂ ತೂಕ ಏರಿಳಿಯುತ್ತದೆ. ಬೆಳಗ್ಗೆ ಶೌಚದ ಬಳಿಕ, ಉಪಾಹಾರಕ್ಕೆ ಮುನ್ನ, ಒಂದೇ ತಕ್ಕಡಿಯಲ್ಲಿ ತೂಗಿ ವಾರದ ಸರಾಸರಿಯನ್ನು ಹೋಲಿಸಬೇಕು. ಅಧಿಕ ತೂಕದವರಲ್ಲಿ ಶೇ. 5ರಿಂದ 10ರಷ್ಟು ಇಳಿಕೆಯೂ ರಕ್ತದೊತ್ತಡ ಮತ್ತು ರಕ್ತದ ಸಕ್ಕರೆಯ ಮೇಲೆ ಒಳ್ಳೆಯ ಪರಿಣಾಮ ಬೀರುತ್ತದೆ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ವೈದ್ಯರನ್ನು ಕಾಣುವುದು ಅವಶ್ಯ.

ಗರ್ಭಿಣಿಯರಿಗೆ ಈ ಮಿತಿಗಳು ಅನ್ವಯಿಸುವುದಿಲ್ಲ. ಮಕ್ಕಳಿಗೆ ವಯಸ್ಸು, ಲಿಂಗಗಳನ್ನು ಆಧರಿಸಿದ ಪ್ರತ್ಯೇಕ ಕೋಷ್ಟಕಗಳಿವೆ. ವೃದ್ಧರಲ್ಲಿ ಬೆನ್ನುಮೂಳೆ ಕುಗ್ಗಿ ಎತ್ತರ ಕಡಿಮೆಯಾಗುವುದರಿಂದ, ತೂಕ ಬದಲಾಗದಿದ್ದರೂ ಸೂಚ್ಯಂಕ ಏರಬಹುದು.